ಎಕ್ಸ್ ದರ್ಜೆಯ ಸೌರಜ್ವಾಲೆ ಬಂದರೂ ಭೂಕಾಂತ ಬಿರುಗಾಳಿ ಏಳುವುದಿಲ್ಲವೇಕೆ?

ಪ್ರಶ್ನೆ: ಎಕ್ಸ್ ದರ್ಜೆಯ ಜ್ವಾಲೆ ಸಿಡಿದ ಮೇಲೂ ಎಷ್ಟೋ ಸಲ ಕೆಪಿ ಸೂಚ್ಯಂಕ (ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಎಂದು 0ಯಿಂದ 9ರವರೆಗೆ ಹೇಳುವ ಅಂಕಿ) 3 ದಾಟುವುದಿಲ್ಲ. ಇನ್ನೊಮ್ಮೆ ಬರೀ ಎಂ ದರ್ಜೆಯದು ಸಿಡಿದು, ಮೂರನೇ ದಿನ ಜಿ3 ಬಿರುಗಾಳಿ (ಜಿ1ರಿಂದ ಜಿ5ರವರೆಗಿನ ಅಳತೆಯಲ್ಲಿ ಮೂರನೆಯದು) ಏಳುತ್ತದೆ. ಹಾಗಾದರೆ ಯಾವ ಅಂಕಿ ನಂಬಬೇಕು?

ಉತ್ತರ 1: ಸೂರ್ಯನಲ್ಲಿ ಒಮ್ಮೆಲೇ ಸಿಡಿಯುವ ಕಿರಣಗಳಾದ ಜ್ವಾಲೆ ಬೇರೆ, ಸೂರ್ಯ ಹೊರಕ್ಕೆ ಚಿಮ್ಮುವ ಪ್ಲಾಸ್ಮಾ (ವಿದ್ಯುದಾವೇಶವಿರುವ ಅನಿಲ) ಮೋಡವಾದ ಸಿಎಂಇ ಬೇರೆ. ಸುದ್ದಿಯವರು ಎರಡನ್ನೂ ‘ಸೌರ ಬಿರುಗಾಳಿ’ ಎಂದುಬಿಡುವುದರಿಂದ ಈ ಗೊಂದಲ. ದರ್ಜೆ ಹೇಳುವುದು ಎಕ್ಸ್‌ರೇ ಎಷ್ಟು ಪ್ರಖರ ಎಂಬುದನ್ನಷ್ಟೇ: ಚದರ ಮೀಟರಿಗೆ 0.0001 ವಾಟ್ ಮುಟ್ಟಿದರೆ ಎಕ್ಸ್1, ಅದರ ಹತ್ತನೇ ಒಂದು ಪಾಲು ಎಂ1. ಆ ಕಿರಣ 8 ನಿಮಿಷ ಚಿಲ್ಲರೆಯಲ್ಲಿ ತಲುಪಿ, ಹಗಲಿರುವ ಕಡೆ ಅಯಾನುಗೋಳದ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶವಿರುವ ಪದರಗಳು) ತೀರಾ ಕೆಳಗಿನ ಡಿ ಪದರವನ್ನು ದಟ್ಟವಾಗಿಸುತ್ತದೆ. ಶಾರ್ಟ್‌ವೇವ್ ಸಂಕೇತ ಅಲ್ಲೇ ಇಂಗಿಹೋಗುತ್ತದೆ. ಕೆಳಗಿನ ಆವರ್ತನ ಮೊದಲು ಸಾಯುತ್ತದೆ, ಕೊನೆಗೆ ಮರಳುತ್ತದೆ. ರೇಡಿಯೊದಲ್ಲಿ 7 ಮೆಗಾಹರ್ಟ್ಸ್ ಮೌನವಾದರೆ 21ಕ್ಕೆ ಹೋಗಿ ನೋಡಿ.

ಬಿರುಗಾಳಿ ಏಳಿಸುವುದು ಸಿಎಂಇ, ಅಂದರೆ ಕಾಂತಕ್ಷೇತ್ರ ಹೊತ್ತು ಬರುವ ಪ್ಲಾಸ್ಮಾ ಮೋಡ. ಅದಕ್ಕೆ ಸಾಮಾನ್ಯವಾಗಿ 1ರಿಂದ 3 ದಿನ ಬೇಕು. 2014ರ ಅಕ್ಟೋಬರಿನಲ್ಲಿ 12192 ಸಂಖ್ಯೆಯ ಸೌರಕಲೆಗುಂಪು ಆರು ಎಕ್ಸ್ ಜ್ವಾಲೆ ಕಾರಿತು. ಒಂದರ ಜೊತೆಗೂ ಸಿಎಂಇ ಹೊರಬೀಳಲಿಲ್ಲ.

ಉತ್ತರ 2: ಸಿಎಂಇ ಬಂದು ಬಡಿದರೂ ಸಾಲದು, ಅದರ ಕ್ಷೇತ್ರ ದಕ್ಷಿಣಕ್ಕೆ ವಾಲಿರಬೇಕು. ಆಗ ಮಾತ್ರ ಭೂಮಿಯ ಕ್ಷೇತ್ರದೊಡನೆ ಬೆಸೆದುಕೊಂಡು ಶಕ್ತಿ ಒಳನುಗ್ಗುತ್ತದೆ. ಹಾಗಾಗಿ ನೋಡಬೇಕಾದ್ದು ಬಿಝೆಡ್, ಅಂದರೆ ಆ ಕ್ಷೇತ್ರದ ಉತ್ತರ-ದಕ್ಷಿಣ ಅಂಶ; ಋಣವಾದರೆ ದಕ್ಷಿಣಕ್ಕೆ. ಅದು -10 ನ್ಯಾನೊಟೆಸ್ಲಾಕ್ಕಿಂತ ಕೆಳಗೆ ಮೂರು ಗಂಟೆ ನಿಂತರೆ ತೀವ್ರ ಬಿರುಗಾಳಿ ಎಂದೇ ಲೆಕ್ಕ. ತೊಂದರೆಯೆಂದರೆ, ಮೋಡ ಎಲ್1 ಬಿಂದು (ಭೂಮಿಗೂ ಸೂರ್ಯನಿಗೂ ನಡುವೆ, ಅಳೆಯುವ ನೌಕೆಗಳಿರುವ ಜಾಗ) ತಲುಪುವವರೆಗೆ ಈ ಅಂಕಿ ಸಿಗುವುದಿಲ್ಲ. ಅಲ್ಲಿಂದ ನಮಗೆ 15 ಲಕ್ಷ ಕಿ.ಮೀ.; ಸೆಕೆಂಡಿಗೆ 800 ಕಿ.ಮೀ. ವೇಗವಿದ್ದರೆ ಕೈಯಲ್ಲಿರುವುದು 31 ನಿಮಿಷ. ಕೆಪಿ ಮೂರು ಗಂಟೆಗೊಮ್ಮೆ ಬರುವ ಲೆಕ್ಕ, ಮುನ್ಸೂಚನೆಗೆ ಅದನ್ನು ನಂಬಿ ಕೂರಬೇಡಿ.

ಪ್ರಶ್ನಿಸಿದವರು: ಸೌರಮಾರುತದ (ಸೂರ್ಯನಿಂದ ಸದಾ ಹರಿದುಬರುವ ಕಣಗಳ) ವೇಗ, ಸಾಂದ್ರತೆ ಒಮ್ಮೆಲೇ ಜಿಗಿದ ಮೇಲೂ ಬಿಝೆಡ್ +8 ಇದ್ದರೆ ಬಿರುಗಾಳಿಯ ನಿರೀಕ್ಷೆ ಕೈಬಿಡಬಹುದೇ?

ಉತ್ತರ 2: ಬೇಡ. ಜಿಗಿದದ್ದು ಆಘಾತದ ಅಲೆ ಮಾತ್ರ, ಮೋಡದ ಒಡಲು ಗಂಟೆಗಟ್ಟಲೆ ತಡವಾಗಿ ಬರುತ್ತದೆ. ಒಳಗಿನ ಕ್ಷೇತ್ರ ಹಗ್ಗದಂತೆ ಹೊಸೆದುಕೊಂಡಿರುವುದರಿಂದ ಮೊದಲರ್ಧ ಉತ್ತರಕ್ಕಿದ್ದು ಉಳಿದರ್ಧ ದಕ್ಷಿಣಕ್ಕೆ ತಿರುಗಬಹುದು.

ಉತ್ತರ 3: ಜಿ1 ಅಂದರೆ ಲೆಕ್ಕಕ್ಕಿಲ್ಲ ಅನ್ನಬೇಡಿ. 2022ರ ಫೆಬ್ರುವರಿಯಲ್ಲಿ 49 ಸ್ಟಾರ್‌ಲಿಂಕ್ ಉಪಗ್ರಹಗಳು ಸುಮಾರು 210 ಕಿ.ಮೀ. ಎತ್ತರದಲ್ಲಿದ್ದಾಗ ಅಂಥದ್ದೇ ಸಣ್ಣ ಬಿರುಗಾಳಿ ಎದ್ದಿತು. ಮೇಲಿನ ವಾತಾವರಣ ಕಾದು ಉಬ್ಬಿ, ಎಳೆತ ಹೆಚ್ಚಿ, 38 ಉಪಗ್ರಹಗಳು ಕಕ್ಷೆ ಏರಲಾಗದೆ ಕೆಳಗಿಳಿದು ಉರಿದುಹೋದವು.