ಪಕ್ಕದ ಸಿಲಿಂಡರ್ ಕೋಣೆ: ‘ನಡುವೆ ಗೋಡೆ ಇದೆ’ ಎಂದು ನೆಮ್ಮದಿಯಾಗಿರಬಹುದೇ?

ಪ್ರಶ್ನೆ (ಚಿಕ್ಕಬಳ್ಳಾಪುರ): ನಮ್ಮ ಮಲಗುವ ಕೋಣೆಯ ಕಿಟಕಿಗೆ ಎಂಟು ಅಡಿ ದೂರದಲ್ಲಿ, ನಾಲ್ಕು ಇಂಚಿನ ಬ್ಲಾಕ್ ಗೋಡೆಯೂ ಆರ್‌ಸಿಸಿ ಚಾವಣಿಯೂ ಇರುವ ಕೋಣೆಯಲ್ಲಿ, ಪಕ್ಕದ ಹೋಟೆಲಿನವರು 19 ಕೆ.ಜಿ.ಯ ಎಂಟು ಸಿಲಿಂಡರ್‌ಗಳನ್ನು ಇಟ್ಟಿದ್ದಾರೆ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಜಿಲೆಟಿನ್ ಸ್ಫೋಟದಲ್ಲಿ ಆರು ಮಂದಿ ತೀರಿಕೊಂಡಂದಿನಿಂದ ನಮ್ಮ ತಾಯಿಯವರಿಗೆ ಇಂಥದ್ದೆಂದರೆ ಭಯ. ‘ನಡುವೆ ಗೋಡೆ ಇದೆಯಲ್ಲ’ ಎನ್ನುವ ಹೋಟೆಲಿನವರ ಮಾತು ಸರಿಯೇ?

ಉತ್ತರ 1 (ಸಿವಿಲ್ ಎಂಜಿನಿಯರ್, ಕೋಲಾರ): ಸರಿಯಲ್ಲ ಸರ್, ನೀವು ಹೆದರಬೇಕಾದದ್ದು ಆ ಗೋಡೆಗೇ. ಸೋರಿದ ಅನಿಲ ಹೊತ್ತಿ ಸ್ಫೋಟಿಸಿದಾಗ ಮನುಷ್ಯನ ಕಿವಿತಮಟೆ ಹರಿಯಲು ಸುಮಾರು 35 ಕಿಲೋಪಾಸ್ಕಲ್ ಒತ್ತಡ ಬೇಕಾದರೆ, ಕಂಬಿ ಇಲ್ಲದ ಬ್ಲಾಕ್ ಗೋಡೆ 14ರಿಂದ 20ರೊಳಗೇ ಒಡೆಯುತ್ತದೆ, ಕಿಟಕಿಯ ಗಾಜು ಅದಕ್ಕೂ ಎಷ್ಟೋ ಮೊದಲೇ ಪುಡಿಯಾಗುತ್ತದೆ. ಅಂದರೆ ಒತ್ತಡವು ದೇಹವನ್ನು ನೇರವಾಗಿ ಘಾಸಿಗೊಳಿಸುವ ಮಟ್ಟ ಮುಟ್ಟದಿದ್ದರೂ, ಗೋಡೆಯ ಚೂರುಗಳು ನಿಮ್ಮ ಕಿಟಕಿಯೊಳಕ್ಕೆ ಬಂದು ಬೀಳಬಲ್ಲವು. ಸ್ಫೋಟಕ ಸುರಕ್ಷತೆಯ ಲೆಕ್ಕದಲ್ಲಿ 79 ಜೂಲ್ ಶಕ್ತಿಯ ಚೂರನ್ನು ಮಾರಕವೆಂದು ಎಣಿಸುತ್ತಾರೆ, ಎರಡು ಕೆ.ಜಿ.ಯ ಬ್ಲಾಕ್ ತುಂಡು ಗಂಟೆಗೆ 32 ಕಿಲೋಮೀಟರ್ ವೇಗದಲ್ಲಿ, ಎಂದರೆ ಪೇಟೆಯೊಳಗೆ ಓಡುವ ಸ್ಕೂಟರಿನ ವೇಗದಲ್ಲಿ, ಬಂದರೂ ಅಷ್ಟಾಗುತ್ತದೆ. ಚಾವಣಿ ಭಾರವಾಗಿರುವುದರಿಂದ ಒತ್ತಡ ಮೊದಲು ಗೋಡೆಯನ್ನೇ ಹೊರಕ್ಕೆ ತಳ್ಳುತ್ತದೆ. ಬ್ಲಾಕಿನ ಬದಲು ತಂತಿಜಾಲರಿ ಹಾಕಿದ್ದರೆ ಸೋರಿದ ಅನಿಲ ಒಳಗೆ ನಿಲ್ಲುತ್ತಲೇ ಇರಲಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಮೇಲಿನ ವೆಂಟಿಲೇಟರ್ ಒಂದೇ ಸಾಲದು, ನೆಲಮಟ್ಟದಲ್ಲಿ ಕಿಂಡಿ ಬೇಕೇ ಬೇಕು.

ಉತ್ತರ 2 (ಶುಶ್ರೂಷಕಿ, ತುಮಕೂರು): ಇಂಥ ಗಾಯಗಳಲ್ಲಿ ಹೊರಗೆ ಕಾಣುವ ತೂತು ಚಿಕ್ಕದಿದ್ದರೂ ಒಳಗಿನ ಪೆಟ್ಟು ಆಳವಾಗಿರಬಹುದು. ಚುಚ್ಚಿಕೊಂಡ ಚೂರನ್ನು ಕೀಳಬಾರದು, ಏಕೆಂದರೆ ರಕ್ತವನ್ನು ತಡೆದಿರುವುದು ಅದೇ ಆಗಿರಬಹುದು. ಅದರ ಸುತ್ತ ಬಟ್ಟೆ ಒತ್ತರಿಸಿ, 108ಕ್ಕೆ ಕರೆ ಮಾಡಿ. ಗಾಜು ಹೊಕ್ಕ ಕಣ್ಣನ್ನು ಉಜ್ಜುವುದೂ ಬೇಡ.

ಉತ್ತರ 3 (ಚಿಂತಾಮಣಿ): ಎಂಟು ಸಿಲಿಂಡರ್ ಎಂದರೆ 152 ಕೆ.ಜಿ. ಆಯಿತು. ನೂರು ಕೆ.ಜಿ. ಮೀರಿದ ಎಲ್‌ಪಿಜಿ ದಾಸ್ತಾನಿಗೆ ಪರವಾನಗಿ ಬೇಕು. ಅದನ್ನು ತೋರಿಸಲು ಕೇಳಿ. ಸೋರಿಕೆಯ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಹೊರಬಂದು, ದೂರ ಹೋದ ಮೇಲೆ 1906ಕ್ಕೆ ತಿಳಿಸಿ.

ಪ್ರಶ್ನೆ ಕೇಳಿದವರು: ವಂದನೆಗಳು. ತಾಯಿಯವರ ಮಂಚವನ್ನು ಇಂದೇ ರಸ್ತೆಯ ಕಡೆಯ ಕೋಣೆಗೆ ಸಾಗಿಸಿದ್ದೇವೆ. ಪರವಾನಗಿಯ ವಿಷಯವನ್ನು ನಾಳೆ ಹೋಟೆಲಿನವರ ಬಳಿ ಎತ್ತುತ್ತೇನೆ. ಮಾತು ಕೇಳದಿದ್ದರೆ ಅಗ್ನಿಶಾಮಕ ಠಾಣೆಗೆ ಲಿಖಿತ ದೂರು ಕೊಡುತ್ತೇನೆ.