ಸಹಾಯ ಬೇಕು: ಕಲಬುರಗಿ–ಬೀದರ್ ಸೈಕಲ್ ದಾರಿಯಲ್ಲಿ ನೀರು, ನೆರಳು ಎಲ್ಲಿ?

ನಮಸ್ಕಾರ್ರೀ. ಏಪ್ರಿಲ್‌ನಲ್ಲಿ ನಮ್ಮ ತಂಡ ಕಮಲಾಪುರ, ಹುಮನಾಬಾದ್ ಮೇಲಿಂದ ಬೀದರ್‌ಗೆ ಹೊರಟಿದೆ. ನಸುಕಿನ 5ಕ್ಕೆ ಬಿಟ್ಟು 10ರೊಳಗೆ ಹುಮನಾಬಾದ್ ಸೇರಿ, ಉಳಿದ ದಾರಿ ಮರುದಿನ ನಸುಕಿಗೆ.

ಒಬ್ಬರಿಗೆ ಗಂಟೆಗೆ 500ರಿಂದ 750 ಮಿ.ಲೀ. ನೀರು ಬೇಕು. ಸೈಕಲ್‌ಗೆ 750ರ ಎರಡು ಬಾಟಲಿ ಮಾತ್ರ ಹಿಡಿಯುತ್ತವೆ, ಹಾಗಾಗಿ ಎರಡು ಗಂಟೆಗೊಮ್ಮೆ ತುಂಬಿಸಲೇಬೇಕು. ಕಮಲಾಪುರ ದಾಟಿದ ಮೇಲೆ ಬೆಳಿಗ್ಗೆ 7ಕ್ಕೇ ತೆರೆದಿರುವ ಶುದ್ಧ ನೀರಿನ ಘಟಕ ಯಾವ ಊರಲ್ಲಿದೆ? ನಾಣ್ಯ ಹಾಕಬೇಕೋ, ಕಾರ್ಡ್ ಬೇಕೋ? ಹತ್ತಿರ ಬೇವಿನ ಮರವೋ ಗುಡಿಯ ಕಟ್ಟೆಯೋ ಇದ್ದರೆ ಅದನ್ನೂ ಹೇಳಿ.

ಓಆರ್‌ಎಸ್ ಕಲಸಲು 1 ಲೀಟರ್ ಗುರುತಿರುವ ಪಾತ್ರೆಯೂ ಬೇಕು. ಲೀಟರಿನ ಪೊಟ್ಟಣವನ್ನು 750ರ ಬಾಟಲಿಗೆ ಪೂರ್ತಿ ಸುರಿದರೆ ಉಪ್ಪು ಗಟ್ಟಿಯಾಗಿ ಹೊಟ್ಟೆ ತೊಳಸುತ್ತದೆ. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಅದು ಇನ್ನೂ ಅಪಾಯ.

ಮುಖ್ಯವಾಗಿ, ಐಸ್ ಪೆಟ್ಟಿಗೆ ಹೊತ್ತು ಹಿಂದೆ ಬರುವ ಒಂದು ಗಾಡಿ ಬೇಕು. ಬಿಸಿಲಿನ ಹೊಡೆತಕ್ಕೆ ಯಾರಾದರೂ ತೊದಲಿದರೆ, ಗೊಂದಲಗೊಂಡರೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತಿರಬೇಕು. ಡೀಸೆಲ್ ಖರ್ಚು ನಮ್ಮದು. ಬರಬಲ್ಲವರು ಇಲ್ಲೇ ತಿಳಿಸ್ರಿ.