ಸಹಾಯ ಬೇಕು: ಶರಾವತಿ ಮುಳುಗಡೆ ಕುಟುಂಬದ ಹಳೆಯ ಭೂದಾಖಲೆಗಳ ಕುರಿತು

ಗುಂಪಿನ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರಗಳು.

ನಮ್ಮದು ಸಾಗರ ತಾಲ್ಲೂಕಿನ ಮುಳುಗಡೆ ಕುಟುಂಬ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಗದ್ದೆ, ಅಡಿಕೆ ತೋಟ, ಮನೆ ಎಲ್ಲವನ್ನೂ ಕಳೆದುಕೊಂಡ ನಮ್ಮ ಅಜ್ಜ, ಅಂದಿನ ಅಧಿಕಾರಿಗಳು ತೋರಿಸಿದ ಕಾಡಿನಂಚಿನ ಜಾಗಕ್ಕೆ ಬಂದು ನೆಲೆಸಿದರು. ಹೊಸದಾಗಿ ಸ್ವತಂತ್ರವಾದ ನಾಡಿಗೆ ವಿದ್ಯುತ್ ಬೇಕಿತ್ತೆಂಬುದನ್ನು ಅವರು ಎಂದೂ ಅಲ್ಲಗಳೆಯಲಿಲ್ಲ. ಆದರೆ ಅವರು ಹಸನು ಮಾಡಿದ ಭೂಮಿ ಇಂದಿಗೂ ದಾಖಲೆಯಲ್ಲಿ ಅರಣ್ಯವೆಂದೇ ಇರುವುದರಿಂದ, ನಮ್ಮ ಹೆಸರಿನಲ್ಲಿ ಪಹಣಿಯಿಲ್ಲ, ಬ್ಯಾಂಕಿನಲ್ಲಿ ಬೆಳೆಸಾಲವೂ ಸಿಗುತ್ತಿಲ್ಲ.

1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಇಂಥ ಭೂಮಿಯನ್ನು ಅರಣ್ಯದಿಂದ ಕೈಬಿಡಲು ಕೇಂದ್ರದ ಒಪ್ಪಿಗೆ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕೋಣವೆಂದರೆ, ಪರಿಶಿಷ್ಟ ಪಂಗಡಕ್ಕೆ ಸೇರದ ನಾವು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯವಾಸಿಗಳಾಗಿದ್ದುದನ್ನು ತೋರಿಸಬೇಕು. ಅಣೆಕಟ್ಟಿಗಾಗಿ ಬಂದವರಿಗೆ ಆ ಹೊತ್ತಿಗೆ ಐವತ್ತು ವರ್ಷವೂ ಆಗಿರಲಿಲ್ಲ. ಸರ್ಕಾರವೇ ಎಬ್ಬಿಸಿ ಕಳಿಸಿದವರಿಂದ ಇಂಥ ಪುರಾವೆ ಕೇಳುವುದು ಅನ್ಯಾಯವೆಂದೇ ನನ್ನ ದೃಢವಾದ ಅಭಿಪ್ರಾಯ.

ಮುಳುಗಿದ ಊರುಗಳ ಭೂಸ್ವಾಧೀನ ಕಡತ, ಪರಿಹಾರ ಪಡೆದವರ ಪಟ್ಟಿ, ಹಳೆಯ ಗ್ರಾಮನಕ್ಷೆಗಳ ದೃಢೀಕೃತ ಪ್ರತಿಗಳನ್ನು ಯಾರಾದರೂ ಪಡೆದಿದ್ದರೆ, ಯಾವ ಕಚೇರಿಯಲ್ಲಿ, ಯಾವ ರೀತಿ ಅರ್ಜಿ ಕೊಟ್ಟಿರೆಂದು ದಯವಿಟ್ಟು ತಿಳಿಸಿ. ಪುನರ್ವಸತಿಯಿಲ್ಲದೆ ಅರಣ್ಯಭೂಮಿಯಿಂದ ಸ್ಥಳಾಂತರಗೊಂಡವರ ಹಕ್ಕನ್ನು ಹೇಳುವ ಅರಣ್ಯ ಹಕ್ಕು ಕಾಯ್ದೆಯ ಕಲಂ 3(1)(ಎಂ) ನಮ್ಮಂಥವರಿಗೆ ಅನ್ವಯಿಸುವುದೇ ಎಂಬುದನ್ನು ವಕೀಲ ಮಿತ್ರರು ವಿವರಿಸಿದರೆ ಬಹಳ ಉಪಕಾರವಾಗುತ್ತದೆ. ಅಜ್ಜನ ಕಾಲದ ಕಂದಾಯ ರಸೀದಿಗಳು ನಮ್ಮಲ್ಲಿವೆ. ಅಕ್ಷರಗಳು ಮಾಸುತ್ತಿರುವುದರಿಂದ ಈ ಮಳೆಗಾಲಕ್ಕೆ ಮೊದಲೇ ಅರ್ಜಿ ಸಲ್ಲಿಸಬೇಕೆಂದಿದ್ದೇವೆ.